ತುಂಗಭದ್ರೆಯ ಆಚೆ: ಧೋಂಡಿಯ ವಾಘನ ಬೆನ್ನಟ್ಟುವಿಕೆ ಮತ್ತು ಗಡಿ ದಾಟುವ ಅನುಮತಿಯ ಪ್ರಶ್ನೆ (1799–1800)

ಒಂದು ರಾಜ್ಯದಲ್ಲಿ ದಂಡು ಕಟ್ಟಿ ಸೋತವನು ನೆರೆರಾಜ್ಯದ ಗಡಿಯನ್ನು ದಾಟಿ ತಲೆಮರೆಸಿಕೊಂಡರೆ, ಅಲ್ಲಿ ಅವನು ಮತ್ತೆ ಜನರನ್ನು ಕೂಡಿಸುತ್ತಿರುವನೆಂಬ ಶಂಕೆ ಹುಟ್ಟಿದರೆ, ಆಗ ಆ ನೆರೆರಾಜ್ಯದ ಕರ್ತವ್ಯವೇನು? ಅವನನ್ನು ಅಟ್ಟಿ ಬಂದ ಸೇನೆ ಗಡಿಯ ಕಲ್ಲಿನ ಬಳಿ ನಿಲ್ಲಬೇಕೆ, ಮುಂದುವರಿಯಬಹುದೆ? ಮುಂದುವರಿಯಲು ಅನುಮತಿ ಬೇಕಾದರೆ, ಆ ಅನುಮತಿಯನ್ನು ಕೊಟ್ಟವನು ಏನನ್ನು ಕೊಟ್ಟಂತಾಯಿತು? ಈ ಪ್ರಶ್ನೆಗಳು ರಾಜನೀತಿಯ ಗ್ರಂಥಗಳಲ್ಲಿ ಮಾತ್ರ ಚರ್ಚೆಗೆ ಬರತಕ್ಕವಲ್ಲ. ಕ್ರಿ.ಶ. 1799 ಮತ್ತು 1800ರಲ್ಲಿ ಇವು ನಮ್ಮ ತುಂಗಭದ್ರೆಯ ದಡದಲ್ಲಿಯೇ ಎದ್ದ ಪ್ರಶ್ನೆಗಳು. ಅವುಗಳಿಗೆ ಆಗ ದೊರೆತ ಉತ್ತರವು ಮುಂದಿನ ಹದಿನೆಂಟು ವರ್ಷಗಳ ದಕ್ಷಿಣ ಭಾರತದ ಇತಿಹಾಸಕ್ಕೆ ದಾರಿ ಮಾಡಿಕೊಟ್ಟಿತೆಂಬುದು ನಮ್ಮ ಅಭಿಪ್ರಾಯ.

ಧೋಂಡಿಯ ವಾಘನ ಹೆಸರನ್ನು ಕೇಳದ ಇತಿಹಾಸ ವಿದ್ಯಾರ್ಥಿಗಳು ವಿರಳ. ಆದರೆ ಅವನ ವೃತ್ತಾಂತವನ್ನು ಸಾಮಾನ್ಯವಾಗಿ ಎರಡು ಬಗೆಯಾಗಿ ಮಾತ್ರ ಹೇಳುತ್ತ ಬಂದಿದ್ದಾರೆ. ಇಂಗ್ಲಿಷ್ ಗ್ರಂಥಕರ್ತರಿಗೆ ಅವನು ಕೇವಲ ಕೊಳ್ಳೆಗಾರ. ಮುಂದೆ ವೆಲಿಂಗ್ಟನ್ ಡ್ಯೂಕನೆನಿಸಿದ ಆರ್ಥರ್ ವೆಲ್ಲೆಸ್ಲಿಯ ಯಶಸ್ಸಿನ ಮೊದಲನೆಯ ಮೆಟ್ಟಿಲು. ಈಚಿನ ಕೆಲವರಿಗೆ ಅವನು ಆಂಗ್ಲರ ವಿರುದ್ಧ ಕತ್ತಿಯೆತ್ತಿದ ಮೊದಲ ವೀರರಲ್ಲಿ ಒಬ್ಬ. ಪ್ರಸ್ತುತ ಲೇಖನದಲ್ಲಿ ಅವನ ಶೌರ್ಯವನ್ನಾಗಲಿ ಕ್ರೌರ್ಯವನ್ನಾಗಲಿ ತೂಗುವುದು ನಮ್ಮ ಉದ್ದೇಶವಲ್ಲ. ಅವನ ನಿಮಿತ್ತವಾಗಿ ಕುಂಪಣಿಗೂ ಪುಣೆಯ ದರಬಾರಿಗೂ ನಡುವೆ ನಡೆದ ರಾಯಭಾರವನ್ನು, ಆ ರಾಯಭಾರದಲ್ಲಿ ಒಂದು ಹೆಸರು ಮಾಡಿದ ಕೆಲಸವನ್ನು ಪರಿಶೀಲಿಸುವುದಷ್ಟೇ ಇಲ್ಲಿ ನಮ್ಮ ಗುರಿ.

1. ಗಡಿಯ ಸ್ವರೂಪ

ಮೊದಲು ಗಡಿಯೆಂದರೆ ಆಗ ಏನಾಗಿತ್ತೆಂಬುದನ್ನು ತಿಳಿಯುವುದು ಅವಶ್ಯ. 1791ರಲ್ಲಿ ಪರಶುರಾಮ ಭಾವೂ ಪಟವರ್ಧನನು ದೀರ್ಘವಾದ ಮುತ್ತಿಗೆಯ ನಂತರ ಧಾರವಾಡದ ಕೋಟೆಯನ್ನು ಟೀಪೂ ಸುಲ್ತಾನನ ಸೇನಾನಿಯಿಂದ ವಶಪಡಿಸಿಕೊಂಡನು. ಮರುವರ್ಷದ ಶ್ರೀರಂಗಪಟ್ಟಣದ ಕೌಲಿನ ಪ್ರಕಾರ ಟೀಪುವು ತನ್ನ ರಾಜ್ಯದ ಅರ್ಧಭಾಗವನ್ನು ಬಿಟ್ಟುಕೊಡಬೇಕಾಗಿ ಬಂದಾಗ, ಪೇಷ್ವೆಯ ರಾಜ್ಯದ ದಕ್ಷಿಣದ ಎಲ್ಲೆ ತುಂಗಭದ್ರೆಯವರೆಗೆ ಬಂದಿತು. ಸವಣೂರು, ಹಾವೇರಿ, ಗದಗು, ಲಕ್ಷ್ಮೇಶ್ವರಗಳ ನಾಡು ಹೀಗೆ ಮರಾಠರ ಆಳ್ವಿಕೆಗೆ ಸೇರಿತು. ಆದರೆ ಈ ಆಳ್ವಿಕೆ ಪುಣೆಯಿಂದ ನೇರವಾಗಿ ನಡೆಯುತ್ತಿರಲಿಲ್ಲ. ಪಟವರ್ಧನ ಮನೆತನದವರು, ಗೋಖಲೆಯವರಂಥ ಸರದಾರರು, ಅವರ ಕೆಳಗೆ ದೇಸಾಯರು ಮತ್ತು ನಾಡಗೌಡರು, ಹೀಗೆ ಅಧಿಕಾರವು ಹಲವು ಕೈಗಳಲ್ಲಿ ಹಂಚಿಹೋಗಿತ್ತು. ನದಿಯ ಎರಡು ದಡಗಳಲ್ಲಿಯೂ ಆಡುವ ನುಡಿ ಒಂದೇ, ನಡೆಯುವ ಸಂತೆ ಜಾತ್ರೆಗಳೂ ಒಂದೇ ಬಗೆಯವು. ರೈತನಿಗೆ ಗಡಿಯೆಂದರೆ ಈ ವರ್ಷದ ಕಂದಾಯವನ್ನು ಯಾರಿಗೆ ಕಟ್ಟಬೇಕೆಂಬ ಪ್ರಶ್ನೆ, ಅಷ್ಟೇ.

1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದು ಟೀಪುವು ಮಡಿದ ಮೇಲೆ ಈ ಗಡಿಯ ದಕ್ಷಿಣಕ್ಕೆ ಹೊಸ ವ್ಯವಸ್ಥೆ ಬಂದಿತು. ಜೂನ್ 30ರಂದು ಬಾಲಕನಾದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು, ಪೂರ್ಣಯ್ಯನು ದಿವಾನನಾದನು, ಬ್ಯಾರಿ ಕ್ಲೋಸನು ರೆಸಿಡೆಂಟನಾಗಿ ನಿಂತನು, ಮೈಸೂರಿನಲ್ಲಿದ್ದ ಕುಂಪಣಿಯ ಸೇನೆಗೆ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಮುಖ್ಯನಾದನು. ಪೂರ್ವಕ್ಕೆ ಬಳ್ಳಾರಿ ಮತ್ತು ರಾಯಚೂರಿನ ಕಡೆ ನಿಜಾಮನ ರಾಜ್ಯ. 1798ರ ಸೆಪ್ಟೆಂಬರಿನ ಕೌಲಿನಿಂದ ನಿಜಾಮನು ಕುಂಪಣಿಯ ಸಹಾಯಕ ಸೇನೆಯನ್ನು ಒಪ್ಪಿಕೊಂಡಿದ್ದನು. ಪೇಷ್ವೆ ಎರಡನೆಯ ಬಾಜೀರಾಯನಾದರೋ ಅಂಥ ಕೌಲನ್ನು ಒಪ್ಪಿರಲಿಲ್ಲ. ಟೀಪುವಿನ ವಿರುದ್ಧದ ಕೊನೆಯ ಯುದ್ಧದಲ್ಲಿ ಮರಾಠಾ ದಂಡು ಭಾಗವಹಿಸಲಿಲ್ಲ. ಹಾಗಿದ್ದರೂ ಗೌರ್ನರ್ ಜನರಲ್ ಮಾರ್ನಿಂಗ್ಟನ್ ಪ್ರಭುವು ಮೈಸೂರು ರಾಜ್ಯದ ಒಂದು ಪಾಲನ್ನು ಕೆಲವು ಷರತ್ತುಗಳೊಂದಿಗೆ ಪೇಷ್ವೆಗೆ ನೀಡಲು ಮುಂದಾದನು. ಪೇಷ್ವೆಯು ಆ ಷರತ್ತುಗಳನ್ನು ಒಪ್ಪದೆ ಪಾಲನ್ನು ನಿರಾಕರಿಸಿದನು.

ಆದುದರಿಂದ ಮೈಸೂರಿನಲ್ಲಿ ನಿಂತ ಕುಂಪಣಿಯ ಸೇನೆಯ ಮುಂದೆ ಎರಡು ಬಗೆಯ ಗಡಿಗಳಿದ್ದವು. ನಿಜಾಮನ ಗಡಿ ಮಿತ್ರನ ಗಡಿ. ಅದನ್ನು ದಾಟುವುದು ಹೈದರಾಬಾದಿನ ರೆಸಿಡೆಂಟನ ಮೂಲಕ ಸುಲಭವಾಗಿ ಏರ್ಪಡಿಸಬಹುದಾದ ವಿಷಯ. ಪೇಷ್ವೆಯ ಗಡಿ ಹಾಗಲ್ಲ. ಅದು ಸ್ವತಂತ್ರ ರಾಜ್ಯವೊಂದರ ಎಲ್ಲೆ. ಮುಂದೆ ನಡೆದುದೆಲ್ಲವೂ ಈ ವ್ಯತ್ಯಾಸವನ್ನು ಆಧರಿಸಿದೆ.

2. ಗಡಿಯಲ್ಲಿ ನಿಂತ ಸೇನೆ

ಧೋಂಡಿಯನು ಚನ್ನಗಿರಿಯಲ್ಲಿ ಹುಟ್ಟಿದ ಮರಾಠಾ ಮನೆತನದವನು. ಹೈದರಾಲಿಯ ಕುದುರೆಪಡೆಯಲ್ಲಿ ಸೇವೆಗೆ ಸೇರಿದನು. 1790–92ರ ಯುದ್ಧಕಾಲದಲ್ಲಿ ಟೀಪುವಿನ ಸೇವೆಯನ್ನು ಬಿಟ್ಟು ಲಕ್ಷ್ಮೇಶ್ವರದ ಕಡೆಗೆ ಸರಿದನು. ಅಲ್ಲಿ ತನ್ನದೇ ಆದ ಪಡೆಯನ್ನು ಕಟ್ಟಿ ಹಾವೇರಿ ಸವಣೂರುಗಳ ಸುತ್ತಿನ ನಾಡಿನಿಂದ ಹಣವನ್ನು ಎತ್ತತೊಡಗಿದನು. ಮರಾಠಾ ಸರದಾರ ಧೋಂಡೋಪಂತ ಗೋಖಲೆಯು ಅವನನ್ನು ಅಲ್ಲಿಂದ ಓಡಿಸಿದಾಗ, 1794ರಲ್ಲಿ ಮತ್ತೆ ಟೀಪುವಿನ ಆಶ್ರಯವನ್ನು ಬೇಡಿದನು. ಟೀಪುವು ಅವನನ್ನು ಇಸ್ಲಾಂ ಮತಕ್ಕೆ ಸೇರಿಸಿ ಹೊಸ ಹೆಸರನ್ನಿಟ್ಟನು. ಸ್ವಲ್ಪ ಕಾಲದಲ್ಲಿಯೇ ಶ್ರೀರಂಗಪಟ್ಟಣದ ಸೆರೆಯಲ್ಲಿಟ್ಟನು. ಕೋಟೆ ಬಿದ್ದ ಗೊಂದಲದಲ್ಲಿ ಸೆರೆಯಾಳುಗಳು ಬಿಡುಗಡೆ ಹೊಂದಿದಾಗ ಇವನೂ ಹೊರಬಿದ್ದನು.

ಗಡಿಯನ್ನು ಆಶ್ರಯವಾಗಿ ಬಳಸುವ ವಿದ್ಯೆ ಅವನಿಗೆ ಹೊಸದಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಟೀಪುವಿನಿಂದ ಮರಾಠರ ನಾಡಿಗೆ, ಮರಾಠರಿಂದ ಟೀಪುವಿನ ನಾಡಿಗೆ ಅವನು ಈ ಮೊದಲೇ ಹೋಗಿ ಬಂದಿದ್ದನು. ಎರಡು ಒಡೆತನಗಳು ಪರಸ್ಪರ ಶಂಕೆಯಿಂದಿರುವೆಡೆ ಒಬ್ಬನ ಅಪರಾಧಿ ಇನ್ನೊಬ್ಬನ ಅತಿಥಿಯಾಗುವುದು ಸಹಜ.

ಸುಲ್ತಾನನ ಮರಣದಿಂದ ಕೆಲಸ ಕಳೆದುಕೊಂಡ ಸವಾರರು ಆಗ ನಾಡೆಲ್ಲ ತುಂಬಿದ್ದರು. ಸಂಬಳವಿಲ್ಲ, ಒಡೆಯನಿಲ್ಲ, ಕುದುರೆ ಮತ್ತು ಕತ್ತಿ ಮಾತ್ರ ಉಳಿದಿವೆ. ಅಂಥವರು ಧೋಂಡಿಯನ ಸುತ್ತ ಕೂಡಿದರು. ಬಿದನೂರಿನ ಸೀಮೆ ಅವನ ಕಾರ್ಯಕ್ಷೇತ್ರವಾಯಿತು. ಶಿಕಾರಿಪುರವು ಅವನ ನೆಲೆಯಾಯಿತು. ಕುಂಪಣಿಯು ಕರ್ನಲ್ ಸ್ಟೀವನ್‌ಸನ್ ಮತ್ತು ಡಾಲ್ರಿಂಪಲರ ಕೈಕೆಳಗೆ ಎರಡು ದಂಡುಗಳನ್ನು ಅಟ್ಟಿತು. ಸೆರೆಸಿಕ್ಕ ಅವನ ಕಡೆಯವರಲ್ಲಿ ಅನೇಕರನ್ನು ಗಲ್ಲಿಗೇರಿಸಲಾಯಿತು. 1799ರ ಆಗಸ್ಟಿನಲ್ಲಿ ಶಿಕಾರಿಪುರವು ಕೈಬಿಟ್ಟಿತು. ಧೋಂಡಿಯನು ಮರಾಠಾ ಎಲ್ಲೆಯನ್ನು ದಾಟಿ ಪಾರಾದನು.

ಕುಂಪಣಿಯ ಸೇನೆ ಆ ಎಲ್ಲೆಯಲ್ಲಿ ನಿಂತಿತು. ನಿಲ್ಲಿಸಿದುದು ನದಿಯ ನೀರಲ್ಲ, ಶತ್ರುವಿನ ಬಲವೂ ಅಲ್ಲ. ಪೇಷ್ವೆಯ ನೆಲವನ್ನು ಅವನ ಒಪ್ಪಿಗೆಯಿಲ್ಲದೆ ಮೆಟ್ಟಬಾರದೆಂಬ ನೀತಿ. ಗಡಿಯ ಆಚೆ ಗೋಖಲೆಯೇ ತನ್ನ ಹಳೆಯ ವೈರಿಯ ಪಾಳೆಯದ ಮೇಲೆ ಬಿದ್ದು ಆನೆ, ಒಂಟೆ, ಸಾಮಾನುಗಳನ್ನು ದೋಚಿಕೊಂಡನು. ಕೆಲಸ ಮುಗಿಯಿತೆಂದು ಎಲ್ಲರೂ ಭಾವಿಸಿದರು. 1799ರ ಈ ಪ್ರಸಂಗದಲ್ಲಿ ಗಡಿಯ ಮರ್ಯಾದೆ ಎರಡು ಕಡೆಯೂ ಉಳಿಯಿತು: ಈಚೆಯವನು ದಾಟಲಿಲ್ಲ, ಆಚೆಯವನು ತನ್ನ ನೆಲದ ಕೆಲಸವನ್ನು ತಾನೇ ಮಾಡಿದನು. ಹನ್ನೊಂದು ತಿಂಗಳೊಳಗೆ ಈ ಎರಡೂ ಮಾತುಗಳು ಸುಳ್ಳಾದವು.

3. ಹೆಸರಿನ ಪ್ರಶ್ನೆ

1799ರ ಸೆಪ್ಟೆಂಬರಿನಲ್ಲಿ ಪರಶುರಾಮ ಭಾವೂವು ಕೊಲ್ಹಾಪುರದವರೊಡನೆ ನಡೆದ ಕಾಳಗದಲ್ಲಿ ಮಡಿದನು. ದಕ್ಷಿಣದ ಗಡಿಗೆ ಮರಾಠರು ಇಟ್ಟಿದ್ದ ಹಿರಿಯ ಕಾವಲುಗಾರನೇ ಹೀಗೆ ಇಲ್ಲವಾದನು. ಆ ಶೂನ್ಯದಲ್ಲಿ ಧೋಂಡಿಯನು ಮತ್ತೆ ಚೇತರಿಸಿಕೊಂಡನು. 1800ರ ಬೇಸಗೆಯ ಹೊತ್ತಿಗೆ ಅವನ ಪಡೆ ಹಿಂದೆಂದಿಗಿಂತಲೂ ದೊಡ್ಡದಾಗಿತ್ತು. ಸವಣೂರು ಗದಗುಗಳ ಸೀಮೆಯಲ್ಲಿ ಅನೇಕ ಕೋಟೆಗಳು ಅವನ ಕೈಸೇರಿದ್ದವು. ತನ್ನನ್ನು ಉಭಯ ಲೋಕಗಳ ಅಧೀಶ್ವರನೆಂದು ಕರೆದುಕೊಂಡನು. ಈ ಬಿರುದನ್ನು ಕಂಡು ಇಂಗ್ಲಿಷ್ ಲೇಖಕರು ನಕ್ಕಿದ್ದಾರೆ. ಆದರೆ ನಗುವ ಮುನ್ನ ಒಂದು ಮಾತನ್ನು ಯೋಚಿಸಬೇಕು: ಬಿರುದನ್ನು ಧರಿಸುವವನು ತಾನು ಕಳ್ಳನಲ್ಲವೆಂದು ಸಾರುತ್ತಾನೆ. ಕೋಟೆಯನ್ನು ಹಿಡಿಯುವುದು, ಅದರಲ್ಲಿ ಕಿಲ್ಲೇದಾರನನ್ನು ಇಡುವುದು, ಹಣವನ್ನು ಎತ್ತುವುದು, ಬಿರುದನ್ನು ಸಾರುವುದು, ಇವೆಲ್ಲವೂ ಆ ಕಾಲದಲ್ಲಿ ರಾಜ್ಯ ಕಟ್ಟುವವರು ಮಾಡುತ್ತಿದ್ದ ಕೆಲಸಗಳೇ. ಹೈದರಾಲಿಯ ಏಳಿಗೆಯೂ ಸೇನೆಯ ಸೇವೆಯಿಂದಲೇ ಆರಂಭವಾಗಿತ್ತೆಂಬುದನ್ನು ಆ ತಲೆಮಾರಿನವರು ಮರೆತಿರಲಿಲ್ಲ.

ಕುಂಪಣಿಯ ಕಾಗದಗಳಲ್ಲಿ ಈ ಹೆಸರಿಗೆ ಎಡೆಯಿಲ್ಲ. 1800ರ ಮೇ 24ರಂದು ಮದರಾಸು ಸರ್ಕಾರದ ಕಾರ್ಯದರ್ಶಿ ಜೊಸಾಯ ವೆಬ್ಬನು ವೆಲ್ಲೆಸ್ಲಿಗೆ ಬರೆದ ಪತ್ರವು ಪ್ರಸಿದ್ಧವಾದುದು. ಧೋಂಡಿಯನು ಎಲ್ಲಿ ಸಿಕ್ಕಿದರೂ ಬೆನ್ನಟ್ಟಿ, ಮೊದಲು ಕಂಡ ಮರಕ್ಕೆ ಗಲ್ಲಿಗೇರಿಸತಕ್ಕದ್ದೆಂಬುದು ಅದರ ತಾತ್ಪರ್ಯ. ಈ ಆಜ್ಞೆಯಲ್ಲಿ ಎರಡು ಅಂಶಗಳಿವೆ. ಇತಿಹಾಸಕಾರರು ಸಾಮಾನ್ಯವಾಗಿ ಎರಡನೆಯದನ್ನು, ಎಂದರೆ ಮರವನ್ನು, ಮಾತ್ರ ನೆನೆಯುತ್ತಾರೆ. ನಮಗೆ ಮೊದಲನೆಯದೇ ಮುಖ್ಯವೆಂದು ತೋರುತ್ತದೆ. ‘ಎಲ್ಲಿ ಸಿಕ್ಕಿದರೂ’ ಎಂಬಲ್ಲಿ ಗಡಿಯ ಮಾತೇ ಇಲ್ಲ.

ಈ ಎರಡು ಅಂಶಗಳು ಒಂದನ್ನೊಂದು ಅವಲಂಬಿಸಿವೆ. ಧೋಂಡಿಯನು ಅರಸನಾದರೆ ಅವನ ಮೇಲೆ ಹೋಗುವುದು ಯುದ್ಧವಾಗುತ್ತದೆ. ಪೇಷ್ವೆಯ ನೆಲದಲ್ಲಿ ಯುದ್ಧ ನಡೆಸುವುದು ಪೇಷ್ವೆಯೊಡನೆ ಯುದ್ಧಕ್ಕೆ ಸಮೀಪವಾದ ಮಾತಾಗುತ್ತದೆ. ಧೋಂಡಿಯನು ಕಳ್ಳನಾದರೆ ಅದು ಯುದ್ಧವಲ್ಲ, ಕಾವಲಿನ ಕೆಲಸ. ಊರಿನ ತಳವಾರನು ಕಳ್ಳನ ಹೆಜ್ಜೆಯನ್ನು ಹಿಡಿದು ನೆರೆಯೂರಿನ ಹೊಲದೊಳಗೆ ಹೋದರೆ ಯಾರೂ ತಪ್ಪೆನ್ನುವುದಿಲ್ಲ. ಹೆಜ್ಜೆ ತನ್ನ ಊರಿನೊಳಗೆ ಬಂದಿತೆಂದರೆ ಮುಂದಿನ ಹೊಣೆ ಆ ಊರಿನದಾಗುತ್ತದೆ. ಕುಂಪಣಿಯ ವಾದವೂ ಬಹುಮಟ್ಟಿಗೆ ಈ ಜಾಡಿನದೇ. ಕಳ್ಳನೆಂಬ ಹೆಸರು ಬರಿಯ ಬೈಗುಳಾಗಿರಲಿಲ್ಲ. ಅದು ಗಡಿಯ ಬಾಗಿಲಿಗೆ ಮಾಡಿಸಿದ ಬೀಗದಕೈಯಾಗಿತ್ತು.

ಅದೇ ಜನರು ತಮ್ಮೊಳಗೆ ಆಡಿಕೊಂಡ ಮಾತು ಬೇರೆ. ಧೋಂಡಿಯನು ಸತ್ತ ಮೇಲೆ, ಕೆನರಾ ಜಿಲ್ಲೆಯ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ವೆಲ್ಲೆಸ್ಲಿಗೆ ಬರೆದ ಪತ್ರದಲ್ಲಿ, ನೀವು ಅಡ್ಡ ಬಾರದಿದ್ದರೆ ಅವನು ನಿಸ್ಸಂದೇಹವಾಗಿ ಸ್ವತಂತ್ರನೂ ಪ್ರಬಲನೂ ಆದ ಅರಸನಾಗಿ ಒಂದು ಹೊಸ ವಂಶವನ್ನೇ ಸ್ಥಾಪಿಸುತ್ತಿದ್ದನೆಂಬ ಭಾವವನ್ನು ವ್ಯಕ್ತಪಡಿಸಿದ್ದಾನೆ. ಮನ್ರೋವಿಗೆ ಧೋಂಡಿಯನಲ್ಲಿ ಮೆಚ್ಚುಗೆಯೇನೂ ಇರಲಿಲ್ಲ. ಆ ವಂಶವು ಕ್ರೂರವಾದೀತೆಂದೇ ಅವನ ಎಣಿಕೆ. ಆದರೂ ಕುಂಪಣಿಯು ಬೆನ್ನಟ್ಟಿದುದು ಕಳ್ಳನನ್ನಲ್ಲ, ಆಗಬಹುದಾಗಿದ್ದ ಅರಸನನ್ನು ಎಂಬ ಅರಿವು ಅವರಲ್ಲಿಯೇ ಇತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ಕುಂಪಣಿಯವರು ಈ ಕೆಲಸಕ್ಕೆ ಕೊಟ್ಟ ಬೆಲೆಯೂ ಇದನ್ನೇ ಹೇಳುತ್ತದೆ. ಆ ಬೇಸಗೆಯಲ್ಲಿ ವೆಲ್ಲೆಸ್ಲಿಗೆ ಡಚ್ಚರ ಬಟೇವಿಯದ ಮೇಲಿನ ದಂಡಯಾತ್ರೆಯ ನಾಯಕತ್ವವು ಒದಗಿತ್ತು. ಧೋಂಡಿಯನ ಕೆಲಸ ಮುಗಿಯದೆ ಮೈಸೂರನ್ನು ಬಿಡಲಾಗದೆಂದು ಅವನು ಅದನ್ನು ಒಪ್ಪಲಿಲ್ಲ. ಒಬ್ಬ ಕಳ್ಳನಿಗಾಗಿ ಇಷ್ಟು ದೊಡ್ಡ ಅವಕಾಶವನ್ನು ಯಾವ ಸೇನಾನಿಯೂ ಬಿಡುವುದಿಲ್ಲ.

4. ಪುಣೆಯ ರಾಯಭಾರ

ಪುಣೆಯಲ್ಲಿ ಆಗ ಕುಂಪಣಿಯ ರೆಸಿಡೆಂಟನಾಗಿದ್ದವನು ಕರ್ನಲ್ ವಿಲಿಯಮ್ ಪಾಮರ್. ಮರಾಠಾ ನೆಲವನ್ನು ಪ್ರವೇಶಿಸಲು ಪೇಷ್ವೆಯ ಒಪ್ಪಿಗೆಯನ್ನು ಪಡೆಯುವ ಹೊಣೆ ಅವನ ಪಾಲಿಗೆ ಬಂದಿತು. ಅವನು ಎದುರಿಸಿದ ದರಬಾರು ಆಗ ಸ್ವಸ್ಥವಾಗಿರಲಿಲ್ಲ. 1800ರ ಮಾರ್ಚ್ 13ರಂದು ನಾನಾ ಫಡನವೀಸನು ತೀರಿಕೊಂಡಿದ್ದನು. ಹಿಂದಿನ ಕಾಲು ಶತಮಾನದಲ್ಲಿ ಕುಂಪಣಿಯ ಮಾತಿನ ಹಿಂದಿರುವ ಮಾತನ್ನು ಓದಬಲ್ಲವನೆಂದರೆ ಅವನೇ. ಉಳಿದವರು ಇಬ್ಬರು: ಯಾರನ್ನೂ ನಂಬದ ಬಾಜೀರಾಯ ಮತ್ತು ಪುಣೆಯಲ್ಲಿಯೇ ಬೀಡುಬಿಟ್ಟು ಬಾಜೀರಾಯನನ್ನು ಕೈಯೊಳಗೆ ಇಟ್ಟುಕೊಂಡಿದ್ದ ದೌಲತರಾವ್ ಸಿಂಧ್ಯ.

ಪೇಷ್ವೆಯ ಮುಂದಿದ್ದ ದಾರಿಗಳು ಮೂರು. ಮೊದಲನೆಯದು, ಅನುಮತಿಯನ್ನು ನಿರಾಕರಿಸುವುದು. ಹಾಗೆ ಮಾಡಿದರೆ ತನ್ನ ನೆಲದಿಂದ ಧೋಂಡಿಯನು ಮೈಸೂರಿನ ಮೇಲೆ ಮಾಡುವ ಪ್ರತಿಯೊಂದು ದಾಳಿಗೂ ತಾನೇ ಹೊಣೆಗಾರನಾಗಬೇಕಾಗುತ್ತದೆ. ಗುಟ್ಟಾಗಿ ಅವನಿಗೆ ಆಶ್ರಯ ಕೊಟ್ಟಿರುವನೆಂಬ ಶಂಕೆಗೂ ಗುರಿಯಾಗಬೇಕಾಗುತ್ತದೆ. ಎರಡನೆಯದು, ಅನುಮತಿಯನ್ನು ಕೊಡುವುದು. ಹಾಗೆ ಮಾಡಿದರೆ ತನ್ನ ರಾಜ್ಯದ ಶಾಂತಿಯನ್ನು ಕಾಯಲು ತಾನು ಅಸಮರ್ಥನೆಂದು ಬರೆದುಕೊಟ್ಟಂತಾಗುತ್ತದೆ. ಮೂರನೆಯದು, ಧೋಂಡಿಯನನ್ನು ತಾನೇ ಅಡಗಿಸುವುದು. ಗೌರವದ ದಾರಿ ಇದೊಂದೇ. ಆದರೆ ಇದಕ್ಕೆ ದಂಡು ಬೇಕು, ದಂಡಿಗೆ ಹಣ ಬೇಕು, ಹಣವೂ ದಂಡೂ ಪುಣೆಯ ಒಳಜಗಳದಲ್ಲಿ ಸಿಕ್ಕಿಬಿದ್ದಿದ್ದವು.

ಬಾಜೀರಾಯನು ಎರಡನೆಯ ಮತ್ತು ಮೂರನೆಯ ದಾರಿಗಳನ್ನು ಕೂಡಿಸಿದನು. ಕುಂಪಣಿಯ ಸೇನೆ ಮರಾಠಾ ನಾಡನ್ನು ಪ್ರವೇಶಿಸಲು ಒಪ್ಪಿದನು. ಜೊತೆಗೆ ಧೋಂಡೋಪಂತ ಗೋಖಲೆಯೂ ಪಟವರ್ಧನರೂ ತಮ್ಮ ಪಡೆಗಳೊಡನೆ ಆ ಕೆಲಸದಲ್ಲಿ ಕೂಡಬೇಕೆಂದಾಯಿತು. ಕಾಗದದ ಮೇಲೆ ಇದು ಸಮಾನರಿಬ್ಬರ ಸಹಕಾರವಾಗಿತ್ತು. ಬಲಹೀನನಾದವನಿಗೆ ಇದಕ್ಕಿಂತ ಮರ್ಯಾದೆಯ ಒಪ್ಪಂದ ಆ ಗಳಿಗೆಯಲ್ಲಿ ದೊರೆಯುವಂತಿರಲಿಲ್ಲ. ಆದುದರಿಂದ ಬಾಜೀರಾಯನು ಮೂರ್ಖತನದಿಂದ ಒಪ್ಪಿದನೆಂದು ಹೇಳುವುದು ನ್ಯಾಯವಲ್ಲ. ಅವನ ಮುಂದಿದ್ದ ಆಯ್ಕೆಗಳೆಲ್ಲವೂ ಕೆಟ್ಟವೇ ಆಗಿದ್ದವು. ಕುಂಪಣಿಯ ಬೇಡಿಕೆಯ ಬಲವೂ ಇಲ್ಲಿಯೇ ಇದ್ದಿತು: ಅದು ಉಪಕಾರದ ರೂಪದಲ್ಲಿ ಬಂದುದರಿಂದ ಅದನ್ನು ಬೇಡವೆನ್ನುವವನು ಕಳ್ಳನ ಪಕ್ಷಪಾತಿಯಾಗಿ ಕಾಣುತ್ತಿದ್ದನು.

5. ನದಿಯ ಆಚೆ

1800ರ ಜೂನ್ ತಿಂಗಳ ಕೊನೆಯ ವಾರದಲ್ಲಿ ವೆಲ್ಲೆಸ್ಲಿಯ ಸೇನೆ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿತು. ಮುಂಗಾರು ಆರಂಭವಾಗಿ ನದಿ ಏರುತ್ತಿದ್ದ ಕಾಲ. ಈ ದಂಡಯಾತ್ರೆಯಲ್ಲಿ ನಮ್ಮ ನದಿಗಳ ಹರಿಗೋಲುಗಳ ಉಪಯೋಗವನ್ನು ಆ ಸೇನಾನಿ ಚೆನ್ನಾಗಿ ಕಂಡುಕೊಂಡನು. ದವಸವನ್ನು ಎತ್ತುಗಳ ಮೇಲೆ ಹೇರಿಕೊಂಡು ಬರುವ ಲಂಬಾಣಿಗರನ್ನು ಸೇನೆಯ ಬೆನ್ನಿಗೆ ಹಚ್ಚಿಕೊಂಡನು. ಧಾನ್ಯಸಾಮಗ್ರಿಯ ವ್ಯವಸ್ಥೆಯಲ್ಲಿ ದಿವಾನ ಪೂರ್ಣಯ್ಯನ ನೆರವು ದೊಡ್ಡದಾಗಿತ್ತು. ಜೂನ್ 27ರಂದು ರಾಣಿಬೆನ್ನೂರು ವಶವಾಯಿತು.

ಮೂರೇ ದಿನಗಳಲ್ಲಿ, ಜೂನ್ 30ರಂದು, ಕಿತ್ತೂರಿನ ಸಮೀಪದಲ್ಲಿ ಧೋಂಡಿಯನು ಗೋಖಲೆಯ ಮೇಲೆ ಎರಗಿ ಅವನನ್ನು ಕೊಂದನು. ಹಳೆಯ ಶಪಥದಂತೆ ಗೋಖಲೆಯ ನೆತ್ತರಿನಲ್ಲಿ ಮೀಸೆಯನ್ನು ತೋಯಿಸಿಕೊಂಡನೆಂಬ ಕಥೆ ಪ್ರಚಲಿತವಾಗಿದೆ. ಚಿಂತಾಮಣರಾವ್ ಪಟವರ್ಧನನು ಗಾಯಗೊಂಡು ಹುಬ್ಬಳ್ಳಿಯ ಕಡೆಗೆ ಹಿಮ್ಮೆಟ್ಟಿದನು. ರಾಯಭಾರದ ದೃಷ್ಟಿಯಿಂದ ಈ ಒಂದು ದಿನವು ಇಡೀ ದಂಡಯಾತ್ರೆಯಲ್ಲಿ ಅತ್ಯಂತ ಮುಖ್ಯವಾದುದು. ಪೇಷ್ವೆಯು ಒಪ್ಪಂದದಲ್ಲಿ ಉಳಿಸಿಕೊಂಡಿದ್ದ ಅರ್ಧ ಮರ್ಯಾದೆ, ಎಂದರೆ ತನ್ನ ನೆಲದ ಕೆಲಸವನ್ನು ತನ್ನವರೂ ಮಾಡುತ್ತಿರುವರೆಂಬ ಮಾತು, ಅಂದು ಗೋಖಲೆಯೊಡನೆ ಮಣ್ಣುಗೂಡಿತು. ಅಲ್ಲಿಂದ ಮುಂದೆ ಕುಂಪಣಿಯ ಸೇನೆ ಅತಿಥಿಯಲ್ಲ. ಆ ನಾಡಿನಲ್ಲಿ ಬಲವಿದ್ದ ಒಂದೇ ಒಂದು ವ್ಯವಸ್ಥಿತ ಸೇನೆ. ಗೋಖಲೆಯ ಪಡೆಗೆ ಅವನ ಸೋದರನ ಮಗ ಬಾಪು ಗೋಖಲೆ ನಾಯಕನಾಗಿ ವೆಲ್ಲೆಸ್ಲಿಯೊಡನೆ ಕೂಡಿ ನಡೆದನು.

ಜುಲೈ ತಿಂಗಳಲ್ಲಿ ಕುಂದಗೋಳ, ಲಕ್ಷ್ಮೇಶ್ವರ, ಡಂಬಳ, ಗದಗುಗಳು ಒಂದಾದ ಮೇಲೊಂದು ಧೋಂಡಿಯನ ಕೈಬಿಟ್ಟವು. ಜುಲೈ 30ರಂದು ಮಲಪ್ರಭೆಯ ದಡದಲ್ಲಿ ಮುನವಳ್ಳಿಯ ಎದುರು ಅವನ ಪಾಳೆಯದ ಒಂದು ಭಾಗವು ಸಿಕ್ಕಿಬಿದ್ದಾಗ ಅನೇಕರು ತುಂಬಿದ ಹೊಳೆಗೆ ಬಿದ್ದು ಸತ್ತರು. ಪಾಳೆಯವೆಂದರೆ ಸವಾರರಷ್ಟೇ ಅಲ್ಲ. ಅವರ ಹೆಂಡಿರು ಮಕ್ಕಳು, ಅಂಗಡಿಯವರು, ಹುಲ್ಲು ಕುಯ್ಯುವವರು ಎಲ್ಲರೂ ಸೇರಿದ್ದು. ಸೇನಾನಿಗಳ ವರದಿಗಳಲ್ಲಿ ಒಂದು ಸಾಲಿನಲ್ಲಿ ಮುಗಿಯುವ ಇಂಥ ಘಟನೆಗಳು ಆ ಹೊಳೆಯ ದಡದ ಜನರಿಗೆ ಒಂದು ಸಾಲಿನವಾಗಿರಲಾರವು.

ಧೋಂಡಿಯನು ಮಲಪ್ರಭೆಯನ್ನು ಸುತ್ತುವರಿದು ಪೂರ್ವಕ್ಕೆ ತಿರುಗಿ ನಿಜಾಮನ ನಾಡನ್ನು ಹೊಕ್ಕನು. ಇದು ಅವನು ದಾಟಿದ ಕೊನೆಯ ಗಡಿ. ಜೀವನವಿಡೀ ಗಡಿಯೇ ಅವನ ಕೋಟೆಯಾಗಿತ್ತು. ಆದರೆ ಈ ಸಲ ದಾಟಿದ ಗಡಿಗೆ ಬಾಗಿಲಿರಲಿಲ್ಲ. ನಿಜಾಮನ ಅಶ್ವದಳವೂ ಸ್ಟೀವನ್‌ಸನ್ನನ ದಂಡೂ ಒಂದು ಕಡೆ, ವೆಲ್ಲೆಸ್ಲಿ ಇನ್ನೊಂದು ಕಡೆ. 1800ರ ಸೆಪ್ಟೆಂಬರ್ 10ರಂದು ರಾಯಚೂರು ದೋಆಬಿನಲ್ಲಿ, ಇಂಗ್ಲಿಷ್ ಪತ್ರಗಳು ಕೊನಗಲ್ ಎಂದು ಹೆಸರಿಸುವ ಊರಿನ ಬಳಿ, ವೆಲ್ಲೆಸ್ಲಿಯು ತಾನೇ ಮುಂದೆ ನಿಂತು ನಾಲ್ಕು ಕುದುರೆ ರೆಜಿಮೆಂಟುಗಳನ್ನು ಒಂದೇ ಸಾಲಿನಲ್ಲಿ ನುಗ್ಗಿಸಿದನು. ಧೋಂಡಿಯನ ಸುಮಾರು 5,000 ಸವಾರರು ಚೆದರಿದರು, ಅವನು ಮಡಿದನು. ಅವನ ಶವವನ್ನು ಫಿರಂಗಿಯ ಗಾಡಿಗೆ ಕಟ್ಟಿ ಪಾಳೆಯಕ್ಕೆ ತಂದರು. ಸಾಮಾನುಗಳ ನಡುವೆ ಸಿಕ್ಕಿದ ಅವನ ಎಳೆಯ ಮಗ ಸಲಾಬತ್ ಖಾನನನ್ನು ವೆಲ್ಲೆಸ್ಲಿಯು ಕಾಪಾಡಿ, ಅವನ ಪೋಷಣೆಗೆ ಹಣವನ್ನೂ ಇಟ್ಟನು. ಆ ಹುಡುಗನು ಮುಂದೆ ಮೈಸೂರು ಅರಸರ ಸೇವೆಯಲ್ಲಿ ಸೇರಿ 1822ರಲ್ಲಿ ಕಾಲರಾ ರೋಗದಿಂದ ತೀರಿಕೊಂಡನು. ತಂದೆಗೆ ಮರವನ್ನು ಗೊತ್ತುಮಾಡಿದ್ದ ಅದೇ ಸೇನೆ ಮಗನಿಗೆ ಆಶ್ರಯ ಕೊಟ್ಟಿತೆಂಬುದನ್ನೂ ಹೇಳದಿದ್ದರೆ ವೃತ್ತಾಂತವು ಪೂರ್ಣವಾಗದು.

6. ಅನುಮತಿಯ ಬೆಲೆ

ಅನುಮತಿಯು ಧೋಂಡಿಯನಿಗೆ ಸಂಬಂಧಿಸಿದುದು. ಅವನ ಸಾವಿನಿಂದ ಅದರ ಪ್ರಯೋಜನ ಮುಗಿಯಬೇಕಾಗಿತ್ತು. ಆದರೆ ಪುಣೆಯಲ್ಲಿ ಪೇಷ್ವೆಗೂ ಸಿಂಧ್ಯನಿಗೂ ಇದ್ದ ತಿಕ್ಕಾಟದಲ್ಲಿ ಈ ಸೇನೆಯನ್ನು ಬಳಸಿಕೊಳ್ಳುವ ಆಲೋಚನೆ, ಧೋಂಡಿಯನು ಇನ್ನೂ ಬದುಕಿರುವಾಗಲೇ, ಗೌರ್ನರ್ ಜನರಲ್ಲನ ಮನಸ್ಸಿನಲ್ಲಿ ಮೂಡಿತ್ತು. ಆ ವರ್ಷ ಅದು ಕೈಗೂಡಲಿಲ್ಲ, ಸೇನೆ ಹಿಂದಿರುಗಿತು. ಗೆದ್ದ ಮರಾಠಾ ಕೋಟೆಗಳನ್ನು ಕುಂಪಣಿಯು ಆಗ ತನ್ನದಾಗಿ ಉಳಿಸಿಕೊಳ್ಳಲಿಲ್ಲವೆಂಬುದನ್ನೂ ಒಪ್ಪಬೇಕು. ಒಂದಂಗುಲ ನೆಲವನ್ನೂ ಕಳೆದುಕೊಳ್ಳದೆ ಪೇಷ್ವೆಯು ಪಾರಾದನೆಂದು ಪುಣೆಯಲ್ಲಿ ಸಮಾಧಾನಪಟ್ಟುಕೊಂಡಿರಬಹುದು.

ಅವನು ಕಳೆದುಕೊಂಡುದು ನೆಲವಲ್ಲ, ನೆಲದ ಗುಟ್ಟು. 1801ರ ಸೆಪ್ಟೆಂಬರಿನಲ್ಲಿ ವೆಲ್ಲೆಸ್ಲಿಯು ಶ್ರೀರಂಗಪಟ್ಟಣದಲ್ಲಿ ಕುಳಿತು ಮರಾಠಾ ನಾಡಿನಲ್ಲಿ ಯುದ್ಧ ನಡೆಸುವ ಬಗೆಯನ್ನು ಕುರಿತು ಒಂದು ಟಿಪ್ಪಣಿಯನ್ನು ಬರೆದನು. ಹೊಳೆಗಳು ತುಂಬಿ ಹರಿಯುವ ಕಾಲವೇ ಅಲ್ಲಿ ಯುದ್ಧಕ್ಕೆ ಅನುಕೂಲ. ಆಗ ಮರಾಠರ ಹಗುರ ಕುದುರೆಪಡೆ ಹೊಳೆಗಳನ್ನು ದಾಟಲಾರದು, ದೋಣಿಗಳನ್ನು ಸಿದ್ಧಮಾಡಿಕೊಂಡ ಸೇನೆ ದಾಟಬಲ್ಲದು ಎಂಬುದು ಅದರ ಸಾರಗಳಲ್ಲಿ ಒಂದು. ಈ ಜ್ಞಾನವು ಯಾವ ಪುಸ್ತಕದಿಂದಲೂ ಬಂದುದಲ್ಲ; 1800ರ ಮಳೆಗಾಲದಲ್ಲಿ, ಪೇಷ್ವೆಯ ಅನುಮತಿಯ ನೆರಳಿನಲ್ಲಿ, ತುಂಗಭದ್ರೆ ಮಲಪ್ರಭೆಗಳ ನಡುವೆ ಕಲಿತುದು. ಯಾವ ಸರದಾರನು ಯಾರ ಮೇಲೆ ಮುನಿದಿದ್ದಾನೆ, ಯಾವ ಊರಿನಲ್ಲಿ ದವಸ ದೊರೆಯುತ್ತದೆ, ಯಾವ ದಾರಿಯಲ್ಲಿ ಫಿರಂಗಿ ನಡೆಯುತ್ತದೆ ಎಂಬುದೆಲ್ಲವೂ ಆ ಒಂದು ಪ್ರವಾಸದಲ್ಲಿ ತಿಳಿದುಹೋಯಿತು.

1802ರ ಡಿಸೆಂಬರ್ 31ರಂದು, ಹೋಳ್ಕರನಿಗೆ ಸೋತು ಓಡಿಬಂದ ಬಾಜೀರಾಯನು ವಸಯಿಯಲ್ಲಿ ಕುಂಪಣಿಯ ಸಹಾಯಕ ಸೇನೆಯ ಕೌಲಿಗೆ ಒಪ್ಪಿಗೆಯಿತ್ತನು. 1803ರ ಮಾರ್ಚಿನಲ್ಲಿ ಅವನನ್ನು ಮತ್ತೆ ಗಾದಿಯಲ್ಲಿ ಕೂರಿಸಲು ಹೊರಟ ವೆಲ್ಲೆಸ್ಲಿಯು ತುಂಗಭದ್ರೆಯನ್ನು ದಾಟಿದುದು ಅದೇ ಹರಿಹರದ ಕಡೆಯಿಂದ. ದಾರಿಯಲ್ಲಿ ಪರಿಚಿತ ಸರದಾರರು ಕೂಡಿಕೊಂಡರು; ಏಪ್ರಿಲ್ 20ರಂದು ಪುಣೆಯನ್ನು ಮುಟ್ಟಿದನು. 1799ರಲ್ಲಿ ಗಡಿಯಲ್ಲಿ ನಿಂತ ಸೇನೆ 1800ರಲ್ಲಿ ಕೇಳಿ ದಾಟಿತು; 1803ರಲ್ಲಿ ಕೇಳಬೇಕಾದವನೇ ಅದರ ರಕ್ಷಣೆಯಲ್ಲಿದ್ದನು. ಅದೇ ವರ್ಷದ ಸೆಪ್ಟೆಂಬರ್ 23ರಂದು ಅಸ್ಸಾಯಿಯಲ್ಲಿ ಸಿಂಧ್ಯ ಮತ್ತು ಭೋಂಸಲೆಯರ ಸೇನೆ ಸೋತಿತು. 1818ರಲ್ಲಿ ಪೇಷ್ವೆಯ ಅಧಿಕಾರವೇ ಅಳಿಯಿತು. ಆ ವರ್ಷದ ಫೆಬ್ರವರಿ 20ರಂದು ಅಷ್ಟಿಯ ಕಾಳಗದಲ್ಲಿ ಕುಂಪಣಿಯ ವಿರುದ್ಧ ಹೋರಾಡುತ್ತ ಪ್ರಾಣಬಿಟ್ಟ ಮರಾಠಾ ಸೇನಾಪತಿ ಬೇರೆ ಯಾರೂ ಅಲ್ಲ, 1800ರಲ್ಲಿ ವೆಲ್ಲೆಸ್ಲಿಯ ಜೊತೆಗೂಡಿ ಧೋಂಡಿಯನನ್ನು ಅಟ್ಟಿದ್ದ ಬಾಪು ಗೋಖಲೆ.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ನಾವು ಧೋಂಡಿಯನನ್ನು ದೇಶಭಕ್ತನನ್ನಾಗಿ ಮಾಡಲು ಹೊರಟಿಲ್ಲ. ಅವನ ಕುದುರೆಗಳು ತುಳಿದುದು ನಮ್ಮ ರೈತರ ಹೊಲಗಳನ್ನೇ. ಅವನು ಎತ್ತಿದ ಹಣವು ಹೊರಟುದು ನಮ್ಮ ಊರುಗಳ ಹಗೇವುಗಳಿಂದಲೇ. ಅವನನ್ನು ಅಡಗಿಸಬೇಕಾದುದು ಅವಶ್ಯವಾಗಿತ್ತೆಂದು ಆ ನಾಡಿನ ಅನೇಕರು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಅಡಗಿಸುವುದು ಅವಶ್ಯವೆಂಬ ಮಾತು ಬೇರೆ, ಅದನ್ನು ಯಾರು ಮಾಡಬೇಕೆಂಬ ಮಾತು ಬೇರೆ. ಮೊದಲನೆಯದು ನಿಜವಾದಷ್ಟೂ ಎರಡನೆಯದನ್ನು ಕೇಳುವವರಿಲ್ಲದಾಗುತ್ತಾರೆ. ನೆರೆಯವನ ಬಲವಾದ ಕೈಗೆ ತನ್ನ ಮನೆಯ ಬಾಗಿಲನ್ನು ತೆರೆದುಕೊಡುವವನು ಒಳಗಿನ ಕಳ್ಳನನ್ನಷ್ಟೇ ನೋಡುತ್ತಾನೆ. ಬಂದವನು ಮನೆಯ ಎಲ್ಲ ಕೋಣೆಗಳನ್ನೂ ನೋಡಿಕೊಂಡು ಹೋಗುತ್ತಾನೆ.

ಇತಿಹಾಸವನ್ನು ಅಭ್ಯಸಿಸುವವರಿಗೆ ಈ ಪ್ರಸಂಗದಲ್ಲಿ ಇನ್ನೊಂದು ಎಚ್ಚರಿಕೆಯಿದೆ. ಹಳೆಯ ಪತ್ರಗಳಲ್ಲಿ ಒಬ್ಬನನ್ನು ಕಳ್ಳನೆಂದೋ ಬಂಡಾಯಗಾರನೆಂದೋ ಅರಸನೆಂದೋ ಬರೆದಿರುವಲ್ಲೆಲ್ಲ, ಆ ಹೆಸರು ಸತ್ಯವೆ ಎಂದು ಕೇಳುವುದರ ಜೊತೆಗೆ, ಆ ಹೆಸರಿನಿಂದ ಬರೆದವನಿಗೆ ಯಾವ ಬಾಗಿಲು ತೆರೆಯುತ್ತಿತ್ತು ಎಂದೂ ಕೇಳಬೇಕು. ಧೋಂಡಿಯನ ವಿಷಯದಲ್ಲಿ ತೆರೆದುದು ಹರಿಹರದ ಕಡವು. ಅದನ್ನು ಮತ್ತೆ ಮುಚ್ಚುವ ಶಕ್ತಿ ಪುಣೆಗೆ ಮುಂದೆಂದೂ ಬರಲಿಲ್ಲ.